ಮೂಲವ್ಯಾಧಿ ಅಂತ ಫೈಲ್ ಮುಚ್ಚಬ್ಯಾಡ್ರಿ

ಭಾಗ 1/10: ಗೋಡೆ ಮ್ಯಾಲಿನ ಚೀಟಿ

ಫೋಟೋದಾಗಿನ ಗೋಡೆ ನಿಮಗ ಗೊತ್ತಿರೋದೇ. ನಮ್ಮ ಕರಜಗಿ ಅಷ್ಟೇ ಅಲ್ಲ, ಅಫಜಲಪುರ, ಆಳಂದ, ಜೇವರ್ಗಿ, ಎಲ್ಲಿ ಬಸ್ ಇಳಿದರೂ ಇಂಥ ಒಂದು ಚೀಟಿ ಕಣ್ಣಿಗೆ ಬೀಳ್ತದ. "ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ." ಕೆಳಗ ಒಂದು ಮೊಬೈಲ್ ನಂಬರ್. ನಂಬರ್ ಮ್ಯಾಲೆ ನಾನೇ ಕಪ್ಪು ಬಳಿದೀನಿ, ಪುಕ್ಕಟೆ ಪ್ರಚಾರ ಬ್ಯಾಡ.

ಈ ಚೀಟಿ ನೋಡಿ ನಾವೆಲ್ಲಾ ನಕ್ಕೀವಿ. ಕ್ಲಾಸ್ ಗ್ರೂಪಿನಾಗ ಮೀಮ್ ಮಾಡಿ ಹಾಕೀವಿ. ನಾನೂ ಹಾಕೀನಿ. ಈಗ ನಗು ಬರವಲ್ದು.

ನಮ್ಮ ಕಾಕಾಗ 46 ವರ್ಷ. ಸಂಡಾಸಕ್ಕ ಹೋದಾಗ ರಕ್ತ ಬೀಳೋದು ಶುರುವಾಗಿ 14 ತಿಂಗಳು ಆಗಿತ್ತು. ಮನ್ಯಾಗ ಖಾರ ಕಡಿಮಿ ಮಾಡು ಅಂದ್ರು. ಮೆಡಿಕಲ್‌ನಾಗ ಮುಲಾಮು ಕೊಟ್ಟರು. ಒಬ್ಬ ಡಾಕ್ಟರ್ ಕುರ್ಚಿ ಬಿಟ್ಟು ಏಳದೇ "ಪೈಲ್ಸ್" ಅಂತ ಬರೆದುಕೊಟ್ಟರು. ಎಲ್ಲರೂ ಕೇಳಿದ್ದು ಎರಡು ಮಾತು, ಹೇಳಿದ್ದು ಒಂದೇ ಹೆಸರು. ಕೊನೆಗೆ ಬೇರೆ ಕಡೆ ಬೆರಳು ಹಾಕಿ ಪರೀಕ್ಷೆ ಮಾಡಿದಾಗ ಗಂಟು ಸಿಕ್ಕಿತು. ಗುದನಾಳದ ಕ್ಯಾನ್ಸರ್.

ಕಾಕಾನ ಒಪ್ಪಿಗಿ ತಗೊಂಡೇ ಬರೀಲತ್ತೀನಿ. ಯಾರ ಹೆಸರೂ, ಯಾವ ದವಾಖಾನಿ ಹೆಸರೂ ಇಲ್ಲಿ ಬರಂಗಿಲ್ಲ. ಒಬ್ಬರನ್ನ ಬಯ್ಯೋದು ನನ್ನ ಉದ್ದೇಶ ಅಲ್ಲ, ಒಂದು ಪದ್ಧತಿಯನ್ನ ಬಯ್ಯೋದು ಅದ.

ನನ್ನ ವಾದ ಇಷ್ಟೇ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಸಂಬಂಧಪಟ್ಟ ಪರೀಕ್ಷೆಗಳನ್ನ ನಮ್ಮ ಕಡೆ ಬೇಡದವರಿಗೆ ಮಾರ್ತಾರ, ಬೇಕಾದವರಿಗೆ ಹೇಳೋದೇ ಇಲ್ಲ. ಈ ಎರಡು ತಪ್ಪಿನ ನಡುವೆ ಮನ್ಯಾಗ ಫೈಲ್ ಓದಬಲ್ಲವರು ಯಾರು? ನೀವು. ಅದಕ್ಕೇ ಈ ಸರಣಿ ನಿಮಗ.

ಭಾಗ 2/10: ಉಜನಿ ಅಂಕಿ

2020ರ ಅಕ್ಟೋಬರ್ ನೆನಪದ ಅಲ್ಲ? ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟು ಭೀಮಾ ತುಂಬಿ ಬಂದಾಗ ನದಿ ದಂಡಿ ಊರುಗಳ ಮಂದಿ ಮೊದಲು ಕೇಳಿದ್ದು ಏನು? "ಎಷ್ಟು ಕ್ಯೂಸೆಕ್ ಬಿಟ್ಟಾರ?" ನೀರು ಊರಿಗೆ ಬರೋಕಿಂತ ಮೊದಲು ಒಂದು ಅಂಕಿ ಬರ್ತದ. ಆ ಅಂಕಿ ನೀರಲ್ಲ, ನೀರಿನ ಸುದ್ದಿ. ಅದನ್ನ ಕೇಳಿ ದನ ಬಿಚ್ಚಬೇಕೋ, ಧಾನ್ಯ ಮ್ಯಾಲೆ ಇಡಬೇಕೋ, ಸುಮ್ಮನ ಮಲಗಬೇಕೋ ಅಂತ ತೀರ್ಮಾನ ಮಾಡ್ತೀವಿ.

ಬಯೋಮಾರ್ಕರ್ ಅಂದ್ರ ದೇಹದ ಒಳಗಿಂದ ಬರೋ ಅಂಥ ಸುದ್ದಿ. ರಕ್ತದಲ್ಲಿರೋ ಒಂದು ಪ್ರೋಟೀನ್ ಇರಬಹುದು. ಮಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತದ ಅಂಶ ಇರಬಹುದು. ಗಡ್ಡೆಯ ಜೀನಿನಲ್ಲಿ ಆಗಿರೋ ಒಂದು ಬದಲಾವಣೆ ಇರಬಹುದು.

ಇವು ಮಾಡೋ ಕೆಲಸ ಮೂರು ಥರ:

ಒಂದು, ಪತ್ತೆ. ಒಳಗ ಏನಾದ್ರೂ ಅದ ಏನು, ಇನ್ನೂ ಆಳಕ್ಕ ಹುಡುಕಬೇಕಾ?
ಎರಡು, ಆಯ್ಕೆ. ಈ ಗಡ್ಡೆಗೆ ಯಾವ ಔಷಧ ತಾಕ್ತದ, ಯಾವುದು ದಂಡ?
ಮೂರು, ಕಾವಲು. ಆಪರೇಷನ್ ಆದ ಮ್ಯಾಲೆ ರೋಗ ತಿರುಗಿ ಬರ್ಲತ್ತದ ಏನು?

ಮುಖ್ಯವಾದ ಮಾತು ಇಲ್ಲೇ ಅದ. ಒಂದೇ ಪರೀಕ್ಷೆ ಈ ಮೂರೂ ಕೆಲಸ ಮಾಡಂಗಿಲ್ಲ. ಕಾವಲಿಗೆ ಇಟ್ಟಿದ್ದನ್ನ ಪತ್ತೆಗೆ ಬಳಸಿದರ ಸುಳ್ಳು ಧೈರ್ಯ ಇಲ್ಲಾ ಸುಳ್ಳು ಭಯ ಸಿಗ್ತದ. ಆಯ್ಕೆಗೆ ಬೇಕಾದದ್ದನ್ನ ಮಾಡಿಸದೇ ಔಷಧ ಶುರು ಮಾಡಿದರ ರೊಕ್ಕ, ದಿನ, ಜೀವ ಮೂರೂ ಹೋಗ್ತಾವ. ಕ್ಯೂಸೆಕ್ ಅಂಕಿ ಮಳೆಗಾಲದಾಗ ಕೇಳಬೇಕು, ಸುಡು ಬೇಸಿಗ್ಯಾಗ ಕೇಳಿ ಏನು ಮಾಡ್ತೀರಿ?

ಭಾಗ 3/10: ಎಲ್ಲಾ ರಕ್ತ ಮೂಲವ್ಯಾಧಿ ಅಲ್ಲ

ನ್ಯಾಯವಾಗಿ ಹೇಳ್ತೀನಿ. ಸಂಡಾಸದಾಗ ರಕ್ತ ಬಂದ್ರ ಭಾಳ ಸಲ ಅದು ಮೂಲವ್ಯಾಧಿಯೇ ಇರ್ತದ. ಹೆದರಿ ಓಡಬ್ಯಾಡ್ರಿ. ಆದ್ರ "ಭಾಳ ಸಲ" ಅನ್ನೋದು "ಯಾವಾಗಲೂ" ಅಲ್ಲ. ನೋಡದೇ ಹೇಳೋದು ರೋಗ ನಿರ್ಣಯ ಅಲ್ಲ, ಊಹೆ.

ಇವು ಇದ್ದರ ಊಹೆ ಸಾಕಾಗಂಗಿಲ್ಲ: ವಾರಗಟ್ಟಲೆ ನಿಲ್ಲದ ರಕ್ತ. ಸಂಡಾಸದ ರೂಢಿ ಬದಲಾಗಿ ಹಂಗೇ ಉಳಿಯೋದು. ಹೋಗಿ ಬಂದ್ರೂ ಇನ್ನೂ ಹೋಗಬೇಕು ಅನಿಸೋದು. ಕಾರಣ ಇಲ್ಲದೇ ತೂಕ ಇಳಿಯೋದು. ಇನ್ನೊಂದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಂಗಿಲ್ಲ, ರಕ್ತ ಕಡಿಮಿ ಆಗೋದು. ಗಂಡಸರಿಗೆ, ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶ ಕಡಿಮಿ ಅಂತ ಬಂದ್ರ ಬರೀ ಗುಳಿಗಿ ಕೊಟ್ಟು ಕಳಿಸಬಾರದು. ರಕ್ತ ಎಲ್ಲಿ ಸೋರ್ಲತ್ತದ ಅಂತ ಕೇಳಬೇಕು. ಕರುಳಿನ ಬಲಭಾಗದ ಗಡ್ಡೆ ಕಣ್ಣಿಗೆ ಕಾಣದಂಗ ಸೋರಿಸ್ತದ.

ಮೊದಲ ಪರೀಕ್ಷೆಗೆ ಮಷೀನು ಬ್ಯಾಡ. ಕೈಗವಸು ಹಾಕಿದ ಡಾಕ್ಟರ ಬೆರಳು ಸಾಕು. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ಸಿಗ್ತದ. ನಾಚಿಕಿ ಒಂದು ನಿಮಿಷದ್ದು. ಕಾಕಾ ಆ ಒಂದು ನಿಮಿಷ ತಪ್ಪಿಸಿಕೊಂಡು 14 ತಿಂಗಳು ಕಳೆದರು.

ಎರಡನೇದು ಫಿಟ್ ಪರೀಕ್ಷೆ. ವ್ಯಾಯಾಮದ ಫಿಟ್ ಅಲ್ಲ. ಮಲದ ಸಣ್ಣ ಮಾದರಿಯಲ್ಲಿ ಮನುಷ್ಯರ ಹಿಮೋಗ್ಲೋಬಿನ್ ಅದ ಏನು ಅಂತ ಪ್ರತಿಕಾಯದ ಸಹಾಯದಿಂದ ಹುಡುಕುತ್ತದೆ. ಹಳೆ ಥರದ ಪರೀಕ್ಷೆಗೆ ಮಾಂಸ ಬಿಡು, ಅದು ಬಿಡು ಅಂತ ಪಥ್ಯ ಇತ್ತು, ಇದಕ್ಕಿಲ್ಲ. ಹಲವು ಅಧ್ಯಯನ ಕೂಡಿಸಿ 2014ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಇದು 100 ಕ್ಯಾನ್ಸರಿನಲ್ಲಿ ಸುಮಾರು 79ನ್ನ ಹಿಡಿಯುತ್ತದೆ. ಅಂದ್ರ 21 ತಪ್ಪಿಸಿಕೊಳ್ತಾವ. ಹಂಗಾಗಿ ಫಿಟ್ ಚೆನ್ನಾಗಿ ಬಂತು ಅಂತ ಲಕ್ಷಣ ಇದ್ದವರು ಮನಿಗೆ ಹೋಗಿ ಮಲಗಬಾರದು. ಕೆಟ್ಟದು ಬಂತು ಅಂದ್ರ ಕ್ಯಾನ್ಸರ್ ಅಂತಲೂ ಅಲ್ಲ. ಅದರ ಅರ್ಥ ಒಂದೇ, ಕೊಲೊನೋಸ್ಕೋಪಿ ಆಗಲೇಬೇಕು.

ಭಾಗ 4/10: ಆಫರ್‌ನಾಗ ಬಂದ ಭಯ

ಈ ಭಾಗ ಓದಿ ಕೆಲವರಿಗೆ ಸಿಟ್ಟು ಬರ್ತದ, ಬರಲಿ.

ಹಬ್ಬ ಬಂದ್ರ ಲ್ಯಾಬುಗಳ ಪೋಸ್ಟರ್ ನೋಡೇ ಇರ್ತೀರಿ. "ಫುಲ್ ಬಾಡಿ ಚೆಕಪ್, ಜೋಡಿಗೆ ರಿಯಾಯಿತಿ, ಜತಿಗೆ ಕ್ಯಾನ್ಸರ್ ಮಾರ್ಕರ್ ಫ್ರೀ." ಆ ಫ್ರೀ ಮಾರ್ಕರಿನಾಗ ಒಂದು ಹೆಸರು ಸಿಇಎ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಯಲ್ಲಿ ಇದನ್ನ ಗುರುತಿಸಿದರು. ಒಂದು ತೊಟ್ಟು ರಕ್ತದಿಂದ ಕ್ಯಾನ್ಸರ್ ಪತ್ತೆ ಆಗ್ತದ ಅಂತ ಆಗ ಭಾಳ ಆಸೆ ಇತ್ತು. ಆಸೆ ಕೈಗೂಡಲಿಲ್ಲ. ಯಾಕಂದ್ರ ಬೀಡಿ, ಸಿಗರೇಟ್ ಸೇದೋರಲ್ಲಿ ಕ್ಯಾನ್ಸರ್ ಇಲ್ಲದೇನೂ ಸಿಇಎ ಏರ್ತದ. ಲಿವರ್ ತೊಂದರೆ ಇದ್ದರೂ, ಕರುಳಿನ ಉರಿಯೂತ ಇದ್ದರೂ ಏರ್ತದ. ಅತ್ತ ಕಡೆ, ಶುರುವಿನ ಹಂತದ ಕ್ಯಾನ್ಸರ್ ಇದ್ದವರಲ್ಲಿ ಬಹುಪಾಲು ಮಂದಿಗೆ ಅದು ನಾರ್ಮಲ್ಲೇ ಇರ್ತದ.

ಅಂದ್ರ ಏನಾಯ್ತು? ರೋಗ ಇಲ್ಲದವ ರಾತ್ರಿ ನಿದ್ದಿಗೆಟ್ಟು ಸ್ಕ್ಯಾನ್ ಸ್ಕ್ಯಾನ್ ಅಂತ ಸೊಲ್ಲಾಪುರ ತಿರುಗ್ತಾನ. ರೋಗ ಇದ್ದವ "ನಾರ್ಮಲ್ ಬಂದದ" ಅಂತ ಊರಿಗೆ ಪೇಡಾ ತರ್ತಾನ. ಇದಕ್ಕೇ ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲಿಕ್ಕೆ ಸಿಇಎ ಬಳಸಬ್ಯಾಡ್ರಿ ಅಂತ ಕ್ಯಾನ್ಸರ್ ತಜ್ಞರ ಸಂಘಗಳ ಮಾರ್ಗಸೂಚಿಗಳೇ ಹೇಳ್ತಾವ. ಆದ್ರೂ ಮಾರ್ತಾರ, ಯಾಕಂದ್ರ ಭಯ ಮಾರೋದು ಸುಲಭ.

"ಹೊಸ ರಕ್ತ ಪರೀಕ್ಷೆ ಬಂದಾವಲ್ಲ" ಅಂತೀರಿ. ಬಂದಾವ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶೀಲ್ಡ್ ಅನ್ನೋ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅಧ್ಯಯನದಲ್ಲಿ ಅದು 100 ಕ್ಯಾನ್ಸರಿನಲ್ಲಿ 83ನ್ನ ಹಿಡಿಯಿತು, ಒಳ್ಳೇದೇ. ಆದ್ರ ಮುಂದ ಕ್ಯಾನ್ಸರ್ ಆಗಬಹುದಾದ ದೊಡ್ಡ ಪಾಲಿಪ್‌ಗಳಲ್ಲಿ ಹಿಡಿದದ್ದು 100ಕ್ಕೆ 13 ಮಾತ್ರ. ಪಾಲಿಪ್ ಕ್ಯಾನ್ಸರ್ ಆಗಲಿಕ್ಕೆ ಸಾಮಾನ್ಯವಾಗಿ 10 ವರ್ಷದ ಹತ್ತಿರ ಬೇಕು. ಆ ಹೊತ್ತಿನಾಗ ಅದನ್ನ ಕಂಡು ತೆಗೆದರ ಕ್ಯಾನ್ಸರೇ ಆಗಂಗಿಲ್ಲ. ಆ ಕೆಲಸ ಇವತ್ತಿಗೂ ಕೊಲೊನೋಸ್ಕೋಪಿಯದ್ದೇ.

ಭಾಗ 5/10: ರಿಪೋರ್ಟಿನ ಕೊನೆ ಸಾಲು

ಫೋಟೋದಾಗ ಕಾಕಾನ ಫೈಲ್ ಅದ, ಹೆಸರು ಮುಚ್ಚೀನಿ. ಬಯಾಪ್ಸಿ ರಿಪೋರ್ಟಿನ ತಳದಾಗ, ಸಹಿ ಮ್ಯಾಲೆ, ಸಣ್ಣ ಅಕ್ಷರದಾಗ ಒಂದು ಸಾಲು ನೋಡ್ರಿ. ಇಂಗ್ಲಿಷಿನಾಗ ಬರೆದದ್ದು. ಕನ್ನಡದಾಗ ಹೇಳಬೇಕಂದ್ರ: ಎಂಎಂಆರ್ ಪ್ರೋಟೀನ್‌ಗಳ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಆ ಸಾಲನ್ನ ಐದು ವಾರ ಯಾರೂ ಓದಲಿಲ್ಲ. ಅಪ್ಪ ಫೈಲ್ ಕ್ಯಾರಿಬ್ಯಾಗಿನಾಗ ಸುತ್ತಿ ಟ್ರಂಕಿನಾಗ ಇಟ್ಟಿದ್ದರು. ಕಾಕಾಗ ಇಂಗ್ಲಿಷ್ ಬರಂಗಿಲ್ಲ. ದವಾಖಾನ್ಯಾಗ "ಮುಂದಿನ ವಾರ ಬರ್ರಿ" ಅಂದವರು ಆ ಸಾಲಿನ ಬಗ್ಗೆ ಬಾಯಿ ಬಿಡಲಿಲ್ಲ. ನಾನು? ನಾನು ಮನ್ಯಾಗೇ ಇದ್ದೆ. ರೀಲ್ಸ್ ನೋಡಿಕೋತ ಇದ್ದೆ. ಈ ತಪ್ಪಿನ ಪಾಲು ನಂದೂ ಅದ.

ಎಂಎಂಆರ್ ಅಂದ್ರ ಏನು? ನಮ್ಮ ಜೀವಕೋಶ ಎರಡಾಗುವಾಗ ಡಿಎನ್‌ಎ ಪೂರ್ತಿ ನಕಲಾಗಬೇಕು. ನಕಲು ಅಂದ ಮ್ಯಾಲೆ ಕಾಗುಣಿತದ ತಪ್ಪು ಇದ್ದೇ ಇರ್ತಾವ. ಅವನ್ನ ತಿದ್ದಲಿಕ್ಕೆ ಒಳಗ ಪ್ರೂಫ್ ನೋಡೋರು ಇದ್ದಾರ. ಅವರಲ್ಲಿ ಮುಖ್ಯವಾದ ನಾಲ್ಕು ಪ್ರೋಟೀನ್: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಬಯಾಪ್ಸಿಗೆ ತೆಗೆದ ಅದೇ ತುಣುಕಿಗೆ ಬಣ್ಣ ಹಾಕಿ ಈ ನಾಲ್ಕೂ ಇದ್ದಾವ, ಇಲ್ಲಾ ಯಾವುದಾದ್ರೂ ಕಾಣೆಯಾಗ್ಯಾವ ಅಂತ ನೋಡ್ತಾರ. ಮತ್ತೊಮ್ಮೆ ಚುಚ್ಚೋದಿಲ್ಲ, ಕೊಯ್ಯೋದಿಲ್ಲ. ಖರ್ಚು ಕೆಲವು ಸಾವಿರ ರೂಪಾಯಿ.

ಕರುಳಿನ ಕ್ಯಾನ್ಸರಿನ ಎಲ್ಲಾ ಹಂತ ಕೂಡಿಸಿದರ 100 ಗಡ್ಡೆಗಳಲ್ಲಿ ಸುಮಾರು 15ರಲ್ಲಿ ಈ ತಿದ್ದೋ ವ್ಯವಸ್ಥೆ ಕೆಟ್ಟಿರ್ತದ. ಆ 15 ಮಂದಿಯ ಚಿಕಿತ್ಸೆಯ ದಾರಿಯೇ ಬೇರೆ ಆಗಬಹುದು. ಯಾರು ಆ 15 ಅಂತ ಮುಖ ನೋಡಿ ಹೇಳಲಿಕ್ಕೆ ಯಾವ ದೊಡ್ಡ ಡಾಕ್ಟರಿಗೂ ಆಗಂಗಿಲ್ಲ.

ಭಾಗ 6/10: ಎರಡು ಎಕರೆ ಉಳಿಸಿದ "ಇಲ್ಲ"

2022ರ ಜೂನ್‌ನಾಗ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. "ಕ್ಯಾನ್ಸರಿಗೆ ಮದ್ದು ಸಿಕ್ಕಿತು, 100ಕ್ಕೆ 100 ಗುಣ." ಸುದ್ದಿ ಸುಳ್ಳಲ್ಲ, ಅರ್ಧ ಸುದ್ದಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಗುದನಾಳದ ಕ್ಯಾನ್ಸರ್ ಇದ್ದ 12 ಮಂದಿಗೆ ಡೊಸ್ಟಾರ್ಲಿಮ್ಯಾಬ್ ಅನ್ನೋ ಇಂಜೆಕ್ಷನ್ ಆರು ತಿಂಗಳು ಕೊಟ್ಟರು. 12 ಮಂದಿಯಲ್ಲೂ ಗಡ್ಡೆ ಕಾಣದಂಗಾಯ್ತು. ಆಪರೇಷನ್ ಇಲ್ಲದೇ, ರೇಡಿಯೇಷನ್ ಇಲ್ಲದೇ.

ಫಾರ್ವರ್ಡ್ ಮಾಡಿದವರು ಬಿಟ್ಟ ಅರ್ಧ ಇದು: ಆ 12 ಮಂದಿಯೂ ಎಂಎಂಆರ್ ಕೆಟ್ಟ ಗಡ್ಡೆಯವರು. ಮೊದಲು ಬಯೋಮಾರ್ಕರ್ ನೋಡಿ, ಆಮ್ಯಾಲೆ ಆರಿಸಿಕೊಂಡಿದ್ದರು. ತಿದ್ದೋರಿಲ್ಲದ ಗಡ್ಡೆಯಲ್ಲಿ ತಪ್ಪುಗಳ ರಾಶಿ ಇರ್ತದ, ಹಂಗಾಗಿ ದೇಹದ ರೋಗ ನಿರೋಧಕ ಪಡೆ ಅದನ್ನ ಪರಕೀಯ ಅಂತ ಗುರುತು ಹಿಡಿಯಬಲ್ಲದು. ಆ ಪಡೆಯ ಬ್ರೇಕ್ ಬಿಡಿಸೋದೇ ಈ ಇಂಜೆಕ್ಷನ್ ಕೆಲಸ. ಗುದನಾಳದ ಕ್ಯಾನ್ಸರ್ ಇರೋ 100 ಮಂದಿಯಲ್ಲಿ ಇಂಥವರು 5ರಿಂದ 10 ಮಾತ್ರ.

ನಮ್ಮ ಮನ್ಯಾಗೂ ಈ ವಿಡಿಯೋ ಬಂತು. ಒಬ್ಬ ಮಾವ ಹೊಲ ಮಾರೋ ಮಾತು ತೆಗೆದರು. ಎರಡು ಎಕರೆ ತೊಗರಿ ಹೊಲ. ಲಕ್ಷಗಟ್ಟಲೆ ಇಂಜೆಕ್ಷನ್, "ಜೀವಕ್ಕಿಂತ ಹೊಲ ದೊಡ್ಡದಾ?" ಅಂದ್ರು. ಆ ಪ್ರಶ್ನೆಗೆ ನಮ್ಮ ಮನ್ಯಾಗ ಯಾರು ಎದುರು ಮಾತಾಡ್ತಾರ ಹೇಳ್ರಿ?

ಉತ್ತರ ಕೊಟ್ಟದ್ದು ಟ್ರಂಕಿನಾಗಿನ ಆ ಸಾಲು. ಪರೀಕ್ಷೆ ಮಾಡಿಸಿದೆವು. ನಾಲ್ಕೂ ಪ್ರೋಟೀನ್ ಇದ್ದಾವ ಅಂತ ಬಂತು. ಅಂದ್ರ ಕಾಕಾ ಆ ಸಣ್ಣ ಗುಂಪಿನವರಲ್ಲ. ಆ ಇಂಜೆಕ್ಷನ್ ಅವರಿಗಲ್ಲ. ರೇಡಿಯೇಷನ್, ಕೀಮೋ, ಆಪರೇಷನ್, ಇದೇ ಅವರ ದಾರಿ, ಅದೇ ದಾರ್ಯಾಗ ಹೋದರು.

"ಮತ್ತ ಪರೀಕ್ಷೆಯಿಂದ ಏನು ಬಂತು?" ಅಂತ ಮಾವ ಕೇಳಿದರು. "ಇಲ್ಲ" ಅನ್ನೋದೂ ಉತ್ತರವೇ ಮಾವ. ಆ ಒಂದು "ಇಲ್ಲ" ಎರಡು ಎಕರೆ ಉಳಿಸಿತು, ಸುಳ್ಳು ಆಸೆ ಹಿಂದ ಓಡೋದನ್ನ ತಪ್ಪಿಸಿತು.

ಭಾಗ 7/10: ಎಲ್ಲರಿಗೂ ಒಂದೇ ಔಷಧ ಅಲ್ಲ

ಕ್ಯಾನ್ಸರ್ ಬೇರೆ ಅಂಗಕ್ಕ ಹರಡಿದ ಮ್ಯಾಲೆ ಇನ್ನೂ ಕೆಲವು ಪ್ರಶ್ನೆ ಬರ್ತಾವ. ನಿಮ್ಮ ಮನ್ಯಾಗ ಯಾರಿಗಾದ್ರೂ ಈ ಹೊತ್ತು ಬಂದ್ರ ಈ ಹೆಸರು ನೆನಪಿರಲಿ.

ಕೆ-ರಾಸ್. ಸೆಟುಕ್ಸಿಮ್ಯಾಬ್ ಅನ್ನೋ ದುಬಾರಿ ಔಷಧ ಜೀವಕೋಶದ ಹೊರಬಾಗಿಲು ಮುಚ್ಚಿ "ಬೆಳಿ" ಅನ್ನೋ ಸಂದೇಶ ತಡೀತದ. ಆದ್ರ ಒಳಗಿನ ಕೆ-ರಾಸ್ ಸ್ವಿಚ್ ಕೆಟ್ಟು ಆನ್ ಆಗೇ ನಿಂತಿದ್ದರ ಹೊರಗ ಬಾಗಿಲು ಮುಚ್ಚಿ ಏನು ಉಪಯೋಗ? ಕರೆಂಟ್ ತೆಗೆದರೂ ಇನ್ವರ್ಟರ್ ಮ್ಯಾಲೆ ಫ್ಯಾನ್ ತಿರುಗಿದಂಗ. 2008ರಲ್ಲಿ ಪ್ರಕಟವಾದ ಅಧ್ಯಯನ ಇದನ್ನ ಸ್ಪಷ್ಟ ಮಾಡಿತು. ಕೆ-ರಾಸ್ ಬದಲಾದವರಿಗೆ ಆ ಔಷಧದಿಂದ ಲಾಭ ಇಲ್ಲ. ಕರುಳಿನ ಕ್ಯಾನ್ಸರಿನ 100 ಮಂದಿಯಲ್ಲಿ ಸುಮಾರು 40 ಮಂದಿ ಇಂಥವರು. ಆಮ್ಯಾಲೆ ಎನ್-ರಾಸ್ ಕೂಡ ನೋಡಬೇಕು ಅಂತ ಗೊತ್ತಾಯ್ತು. ಈ ಪರೀಕ್ಷೆ ಇಲ್ಲದೇ ಆ ಔಷಧ ಬರೆದರ ಅದು ಚಿಕಿತ್ಸೆ ಅಲ್ಲ, ಜೂಜು. ಅದೂ ರೋಗಿಯ ರೊಕ್ಕದಾಗ.

ಬಿ-ರಾಫ್ ವಿ600ಇ. ಹರಡಿದ ರೋಗದಲ್ಲಿ 100ಕ್ಕೆ 8ರಿಂದ 10 ಮಂದಿಗೆ ಇದು ಇರ್ತದ. ರೋಗ ಜೋರು ಇರ್ತದ. ಇವರಿಗಂತಲೇ ಎನ್‌ಕೊರಾಫೆನಿಬ್ ಅನ್ನೋ ಗುಳಿಗಿಯನ್ನ ಸೆಟುಕ್ಸಿಮ್ಯಾಬ್ ಜತಿಗೆ ಕೊಡಲಿಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮೂರನೇದು ಗಡ್ಡೆಯದ್ದಲ್ಲ, ರೋಗಿಯದ್ದು: ಡಿಪಿವೈಡಿ. ಕರುಳಿನ ಕ್ಯಾನ್ಸರಿಗೆ ಕೊಡೋ ಸಾಮಾನ್ಯ ಕೀಮೋ 5-ಎಫ್‌ಯು, ಗುಳಿಗಿ ರೂಪದಾಗ ಕ್ಯಾಪೆಸಿಟಬಿನ್. ಇದನ್ನ ಅರಗಿಸೋ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮಿ. ಅಂಥವರಿಗೆ ಪೂರ್ತಿ ಡೋಸ್ ಕೊಟ್ಟರ ಔಷಧವೇ ವಿಷ ಆಗಬಹುದು. 2020ರಿಂದ ಯುರೋಪಿನ ಔಷಧ ಸಂಸ್ಥೆ, ಕೊಡೋಕಿಂತ ಮೊದಲು ಪರೀಕ್ಷೆ ಮಾಡ್ರಿ ಅಂತ ಹೇಳ್ತದ. "ಕೀಮೋ ಅಂದ್ರ ಹಂಗೇ, ತಡಕೋಬೇಕು" ಅಂತ ನಮ್ಮ ಮಂದಿ ಎಲ್ಲಾ ತಡಕೋತಾರ. ಎಲ್ಲವನ್ನೂ ತಡಕೋಬೇಕಾಗಿಲ್ಲ. ಜೋರು ಭೇದಿ, ಬಾಯಿಹುಣ್ಣು, ಜ್ವರ ಬಂದ್ರ ಅದೇ ದಿನ ಡಾಕ್ಟರಿಗೆ ಹೇಳ್ರಿ.

ಭಾಗ 8/10: ಬಟ್ಟೆ ಹೊಲಿಯೋ ಹೆಣ್ಣುಮಗಳ ಮಾತು

"ಇದು ಮುದುಕರ ರೋಗ, ನಮಗ್ಯಾಕ?" ಅಂತ ಸ್ಕ್ರೋಲ್ ಮಾಡಬ್ಯಾಡ್ರಿ. ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ಚಾಡ್ವಿಕ್ ಬೋಸ್ಮನ್ ಇದೇ ರೋಗದಿಂದ 2020ರಲ್ಲಿ ತೀರಿಕೊಂಡಾಗ ವಯಸ್ಸು 43. ಮುಂಬೈ ಟಾಟಾ ಮೆಮೋರಿಯಲ್ ಆಸ್ಪತ್ರೆಯ 800 ರೋಗಿಗಳ ಲೆಕ್ಕ 2017ರಲ್ಲಿ ಪ್ರಕಟವಾಯ್ತು. ಸರಾಸರಿ ವಯಸ್ಸು 47. ನಮ್ಮ ಅಪ್ಪ, ಕಾಕಾಂದಿರ ವಯಸ್ಸು ಅದು.

ಈಗ ಒಂದು ಹಳೆ ಕಥಿ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಅನ್ನೋ ವೈದ್ಯರಿಗೆ ಬಟ್ಟೆ ಹೊಲಿಯೋ ಒಬ್ಬ ಹೆಣ್ಣುಮಗಳು ಹೇಳಿದಳು, ನಮ್ಮ ಮನಿತನದಾಗ ಎಲ್ಲರೂ ಕ್ಯಾನ್ಸರಿನಿಂದ ಹೋಗ್ತಾರ, ನಾನೂ ಬೇಗ ಹೋಗ್ತೀನಿ. ಅವಳ ಮಾತು ನಿಜ ಆಯ್ತು. ವಾರ್ತಿನ್ ಆ ಮನಿತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟ ಮಾಡಿದರು. ಮುಂದ ಹೆನ್ರಿ ಲಿಂಚ್ ಅದೇ ದಾರ್ಯಾಗ ಕೆಲಸ ಮಾಡಿದರು. ಅದಕ್ಕೇ ಇವತ್ತು ಅದಕ್ಕ ಲಿಂಚ್ ಸಿಂಡ್ರೋಮ್ ಅಂತ ಹೆಸರು. 2000ರಲ್ಲಿ ಆ ಮನಿತನದ ದೋಷ ಎಂಎಸ್‌ಎಚ್2 ಜೀನಿನಲ್ಲಿ ಅದ ಅಂತ ಸಿಕ್ಕಿತು. ಭಾಗ 5ರಲ್ಲಿ ಹೇಳಿದ ನಾಲ್ಕು ಪ್ರೂಫ್ ನೋಡೋರಲ್ಲಿ ಒಬ್ಬರು. ವಿಜ್ಞಾನಕ್ಕ 105 ವರ್ಷ ಬೇಕಾಯ್ತು, ಅವಳಿಗೆ ಮನಿ ಲೆಕ್ಕ ಮೊದಲೇ ಗೊತ್ತಿತ್ತು.

ಕರುಳಿನ ಕ್ಯಾನ್ಸರಿನ 100 ಮಂದಿಯಲ್ಲಿ ಸುಮಾರು 3 ಮಂದಿಗೆ ಕಾರಣ ಲಿಂಚ್. ಅಪ್ಪ ಇಲ್ಲಾ ಅವ್ವಗ ಇದ್ದರ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಅದ. ಗೊತ್ತಾದರ 20-25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿ ಪಾಲಿಪ್ ತೆಗೀತಾರ. 20-25 ಅಂದ್ರ ಯಾರು? ಇದನ್ನ ಓದಲತ್ತೀರಲ್ಲ, ನೀವೇ.

ಆದ್ರ ನಮ್ಮ ಕಡೆ ಮನ್ಯಾಗ ಕ್ಯಾನ್ಸರ್ ಅಂದ್ರ ಮೊದಲ ಮಾತು, "ಹೊರಗ ಹೇಳಬ್ಯಾಡ್ರಿ, ಹುಡುಗಿ ಸಂಬಂಧ ಕೂಡಂಗಿಲ್ಲ." ಅಜ್ಜ "ಹೊಟ್ಟಿನೋವಿನಿಂದ" ಹೋದ, ಅತ್ತಿ "ಕಾಮಣಿಯಿಂದ" ಹೋದಳು. ಹೆಸರು ಮುಚ್ಚಿಟ್ಟು ಮದುವಿ ಮಾಡ್ತಾರ. ಮುಚ್ಚಿಟ್ಟದ್ದು ಆ ಹುಡುಗಿ ರಕ್ತದಾಗೇ ಹೋಗ್ತದ. ಇದಕ್ಕ ಮಾನ ಅಂತಾರೇನು?

ಭಾಗ 9/10: ಸರ್ಕಾರಕ್ಕ ಮೂರು ಬೇಡಿಕೆ

2016ರಲ್ಲಿ ಕೇಂದ್ರ ಸರ್ಕಾರ ತಂದ ಕ್ಯಾನ್ಸರ್ ತಪಾಸಣೆ ಮಾರ್ಗಸೂಚಿಯಲ್ಲಿ ಮೂರು ಕ್ಯಾನ್ಸರ್ ಅದಾವ: ಬಾಯಿ, ಸ್ತನ, ಗರ್ಭಕೋಶದ ಕಂಠ. 30 ದಾಟಿದವರಿಗೆ. ಕರುಳು ಇಲ್ಲ.

ಇದಕ್ಕ ಸಮರ್ಥನೆಯೂ ಅದ, ಅದನ್ನ ನಾನು ಮುಚ್ಚಿಡಂಗಿಲ್ಲ. ನಮ್ಮ ದೇಶದಾಗ ಜನಸಂಖ್ಯೆಯ ಲೆಕ್ಕಕ್ಕ ಈ ರೋಗ ಪಶ್ಚಿಮದ ದೇಶಗಳಿಗಿಂತ ಕಡಿಮಿ. ಅಮೆರಿಕದಂಗ 45 ದಾಟಿದವರಿಗೆಲ್ಲಾ ತಪಾಸಣೆ ಅಂದ್ರ ಅಷ್ಟು ಕೊಲೊನೋಸ್ಕೋಪಿ ಮಾಡೋ ಕೈಗಳು ಎಲ್ಲಿವೆ? ಒಪ್ಪಿದೆ. ಆದ್ರ ದರ ಕಡಿಮಿ ಅಂದ್ರ ಮಂದಿ ಕಡಿಮಿ ಅಲ್ಲ. 2022ರ ಜಾಗತಿಕ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷ 60 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು. ಅಮೆರಿಕದ ಲೆಕ್ಕದಲ್ಲಿ ರೋಗ ಕರುಳಿನ ಒಳಗೇ ಇದ್ದಾಗ ಸಿಕ್ಕರೆ ಐದು ವರ್ಷ ಬದುಕೋರು 100ಕ್ಕೆ ಸುಮಾರು 90. ದೂರಕ್ಕ ಹರಡಿದ ಮ್ಯಾಲೆ ಸಿಕ್ಕರೆ ಸುಮಾರು 15. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದು ಅಂದ್ರ ಇದೇ.

ಹಂಗಾಗಿ ಎಲ್ಲರಿಗೂ ತಪಾಸಣೆ ಬೇಕು ಅಂತ ನಾನು ಕೇಳಲತ್ತಿಲ್ಲ. ಮೂರೇ ಕೇಳ್ತೀನಿ.

ಒಂದು: ಲಕ್ಷಣ ಇದ್ದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಬೆರಳು ಪರೀಕ್ಷೆ ಮತ್ತು ಫಿಟ್. ಬ್ರಿಟನ್ನಿನಲ್ಲಿ 2023ರಿಂದ ಇದೇ ಸಲಹೆ. ಲಕ್ಷಣ ಇದ್ದವರಿಗೆ ಊರಿನ ಡಾಕ್ಟರೇ ಫಿಟ್ ಮಾಡಿಸಿ ಯಾರನ್ನ ಮೊದಲು ಕೊಲೊನೋಸ್ಕೋಪಿಗೆ ಕಳಿಸಬೇಕು ಅಂತ ತೀರ್ಮಾನ ಮಾಡ್ತಾರ. ಕೊಲೊನೋಸ್ಕೋಪಿ ಕಡಿಮಿ ಇರೋ ಕಡೆಗೇ ಇದು ಹೆಚ್ಚು ಬೇಕು.

ಎರಡು: ಕರುಳಿನ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದ ಕೂಡಲೇ ಎಂಎಂಆರ್ ಪರೀಕ್ಷೆ ತಾನಾಗೇ ಆಗಬೇಕು. "ಮಾಡಿಸುವುದು ಒಳ್ಳೆಯದು" ಅಂತ ಸಣ್ಣ ಅಕ್ಷರದ ಸಾಲು ಬೇಡ. ಬ್ರಿಟನ್ನಿನಲ್ಲಿ 2017ರಿಂದ ಎಲ್ಲಾ ಕರುಳಿನ ಕ್ಯಾನ್ಸರಿಗೂ ಇದನ್ನ ಮಾಡಬೇಕು ಅನ್ನೋ ಸಲಹೆ ಅದ.

ಮೂರು: ರಿಪೋರ್ಟಿನ ಜತಿಗೆ ಒಂದು ಪುಟ ಕನ್ನಡ. ಏನು ಸಿಕ್ಕದ, ಏನು ಬಾಕಿ ಅದ, ಮುಂದ ಎಲ್ಲಿ ಹೋಗಬೇಕು. ಪಹಣಿ ಕನ್ನಡದಾಗ ಸಿಗ್ತದ, ಕರೆಂಟ್ ಬಿಲ್ ಕನ್ನಡದಾಗ ಸಿಗ್ತದ. ಜೀವದ ಕಾಗದ ಯಾಕ ಸಿಗಬಾರದು?

ಭಾಗ 10/10: ಇವತ್ತು ರಾತ್ರಿ ಮಾಡೋ ಕೆಲಸ

ಇದನ್ನ ಸೇವ್ ಮಾಡಿಟ್ಟು ಮರೀಬ್ಯಾಡ್ರಿ.

ಊಟಕ್ಕ ಕುಂತಾಗ ಕೇಳ್ರಿ. "ಅಪ್ಪಾ, ಸಂಡಾಸದಾಗ ರಕ್ತ ಬರ್ತದೇನು? ಅವ್ವಾ, ನಿನ್ನ ರಕ್ತದ ಗುಳಿಗಿ ಎಷ್ಟು ತಿಂಗಳಾತು?" ಊಟಕ್ಕ ಕುಂತಾಗ ಇದೇನು ಮಾತು ಅಂತ ಬಯ್ಯಬಹುದು, ಬಯ್ಸಿಕೊಳ್ರಿ. ನಮ್ಮ ಮನ್ಯಾಗ ಎಲ್ಲರೂ ಒಟ್ಟಿಗೆ ಕೂಡೋದು ಅದೊಂದೇ ಹೊತ್ತು.

ಅಜ್ಜ, ಅಜ್ಜಿ, ಅತ್ತಿ, ಕಾಕಾ ಯಾರು ಯಾವ ರೋಗದಿಂದ, ಯಾವ ವಯಸ್ಸಿಗೆ ಹೋದರು ಅಂತ ಒಂದು ಹಾಳೆಯಲ್ಲಿ ಬರೀರಿ. ಹೊಟ್ಟಿನೋವು ಅಂದ್ರ "ಯಾವ ಹೊಟ್ಟಿನೋವು?" ಅಂತ ಮತ್ತೊಮ್ಮೆ ಕೇಳ್ರಿ. 50ರ ಒಳಗ ಯಾರಿಗಾದ್ರೂ ಕರುಳಿನ ಇಲ್ಲಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದರ ಆ ಹಾಳೆ ಡಾಕ್ಟರಿಗೆ ತೋರಿಸ್ರಿ.

ಮನ್ಯಾಗ ರೋಗಿ ಇದ್ದರ ಫೈಲ್ ತೆಗೆದು ಕೊನೆ ಸಾಲಿನ ತನಕ ಓದ್ರಿ. ಡಾಕ್ಟರಿಗೆ ಈ ಪ್ರಶ್ನೆ ಕೇಳ್ರಿ: ಎಂಎಂಆರ್ ಆಗ್ಯದೇನ್ರಿ? ಹರಡಿದ್ದರ ರಾಸ್, ಬಿ-ರಾಫ್ ನೋಡೀರೇನ್ರಿ? 5-ಎಫ್‌ಯು ಮೊದಲು ಡಿಪಿವೈಡಿ ಬೇಕೇನ್ರಿ? ಮರ್ಯಾದಿಯಿಂದ ಕೇಳ್ರಿ, ಆದ್ರ ಕೇಳ್ರಿ. ಒಳ್ಳೆ ಡಾಕ್ಟರ್ ಸಿಟ್ಟಾಗಂಗಿಲ್ಲ, ಕೂಡಿಸಿಕೊಂಡು ಹೇಳ್ತಾರ. ನಮಗ ಅಂಥವರೂ ಸಿಕ್ಕಾರ.

ಬೆಂಗಳೂರಿಗೇ ಹೋಗಬೇಕು ಅಂತ ಕೈಬಿಡಬ್ಯಾಡ್ರಿ. ಕಿದ್ವಾಯಿ ಸಂಸ್ಥೆಯ ಘಟಕ ನಮ್ಮ ಕಲಬುರಗಿಯಲ್ಲೇ ಅದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆಯ ರಕ್ಷಣೆ ಅದ. ಯಾವ ಪರೀಕ್ಷೆ ಅದರಾಗ ಬರ್ತದ ಅಂತ ದವಾಖಾನಿಯ ಆರೋಗ್ಯಮಿತ್ರರನ್ನ ಮೊದಲೇ ಕೇಳ್ರಿ, ಬಿಲ್ ಆದ ಮ್ಯಾಲೆ ಅಲ್ಲ.

ಕಾಕಾ ಈಗ ಮೂರು ತಿಂಗಳಿಗೊಮ್ಮೆ ಸಿಇಎ ಮಾಡಿಸ್ತಾರ. ಹೌದು, ಭಾಗ 4ರಲ್ಲಿ ನಾನು ಬಯ್ದ ಅದೇ ಸಿಇಎ. ಆಪರೇಷನ್ ಆದವರ ಕಾವಲಿಗೆ ಅದು ಸರಿಯಾದ ಪರೀಕ್ಷೆ. ತಪ್ಪು ಪರೀಕ್ಷೆಯದ್ದಲ್ಲ, ಅದನ್ನ ಮಾರಿದ ಜಾಗದ್ದು. ಪ್ರತಿ ಸಲ ಬಂದ ಅಂಕಿಯನ್ನ ನಾನು ಒಂದು ನೋಟ್‌ಬುಕ್ಕಿನಾಗ ಬರೀತೀನಿ. ಕಾಕಾ ಬಾಜೂಕ ಕುಂತು ಕೇಳ್ತಾರ, "ಎಷ್ಟು ಕ್ಯೂಸೆಕ್ ಬಂತಲೇ?"

ಫೈಲ್ ಈಗ ಟ್ರಂಕಿನಾಗ ಇಲ್ಲ. ನನ್ನ ಟೇಬಲ್ ಮ್ಯಾಲೆ ಅದ. ನಿಮ್ಮ ಮನಿದು ಎಲ್ಲದ? ಹುಡುಕಿ ಓದ್ರಿ. ಅರ್ಥ ಆಗದ ಸಾಲು ಸಿಕ್ಕರ ಹೆಸರು ಮುಚ್ಚಿ ನನಗ ಮೆಸೇಜ್ ಹಾಕ್ರಿ. ನಾನು ಡಾಕ್ಟರ್ ಅಲ್ಲ, ಔಷಧ ಹೇಳಂಗಿಲ್ಲ. ಆ ಸಾಲಿನ ಬಗ್ಗೆ ಡಾಕ್ಟರಿಗೆ ಏನು ಕೇಳಬೇಕು ಅನ್ನೋದನ್ನ ಕೂಡಿ ಬರೆಯೋಣ.

#ಫೈಲ್‌ಓದ್ರಿ #ಕರಜಗಿ #ಅಫಜಲಪುರ #ಎಲ್ಲಾಮೂಲವ್ಯಾಧಿಅಲ್ಲ